ಬಾಲ್ಕನಿಯ ಮೇಲಿನ ಕಂಬಿ

ವಿಮಲಾಕ್ಷಿ ಅಂದು ಪೆನ್ನು ಹಿಡಿದದ್ದೇ ಜಗಳ ಗೆಲ್ಲಬೇಕೆಂದು.

ಹಿಂದಿನ ದಿನ, ಬೆನ್ಸನ್ ಟೌನಿನ ಪುಟ್ಟ ಆಫೀಸಿನಲ್ಲಿ, ಎಲ್ಲರ ಕಿವಿಗೂ ಬೀಳುವಂತೆ ಸೈಟ್ ಎಂಜಿನಿಯರ್ ಪ್ರಭುಲಿಂಗ ಒಂದು ಮಾತು ಅಂದುಬಿಟ್ಟಿದ್ದ. "ನಿಮ್ಮ ಪ್ರೋಗ್ರಾಂ ಚಲೋನೇ ಅದರಿ. ಆದ್ರ ಹಲಸೂರಿನ ಹೊಸ ಮನೀ ಬಾಲ್ಕನಿ ಒಂದು ಸಲ ಕೈಲೆ ಲೆಕ್ಕ ಹಾಕಿ ನೋಡ್ರಿ."

ಬೀಮಿನ ಉದ್ದ, ಹೊರುವ ಭಾರ ಕೊಟ್ಟರೆ ಸಾಕು, ಅದನ್ನು ಕತ್ತರಿಸುವ ಶಿಯರ್ ಫೋರ್ಸ್, ಬಗ್ಗಿಸುವ ಬೆಂಡಿಂಗ್ ಮೊಮೆಂಟ್ ಎರಡನ್ನೂ ಲೆಕ್ಕ ಹಾಕಿ, ಎಲ್ಲಿ ಎಷ್ಟು ದಪ್ಪದ ಕಂಬಿ ಬೇಕೆಂದು ಹೇಳುವ ಪ್ರೋಗ್ರಾಂ ಅದು. ವಿಮಲಾಕ್ಷಿಯ ವರ್ಷದ ಕನಸು. ಆಫೀಸಿನ ಪದ್ಧತಿಯಂತೆ ಪ್ರತಿ ಹಾಳೆಯಲ್ಲೂ ಲೆಕ್ಕ ಮಾಡಿದವರದೊಂದು, ಪರೀಕ್ಷಿಸಿದವರದೊಂದು ಹೆಸರಿರಬೇಕು. ಅವಳ ಪ್ರೋಗ್ರಾಂ ಎರಡು ಕಡೆಯೂ ಅವಳ ಹೆಸರನ್ನೇ ತುಂಬುತ್ತಿತ್ತು.

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳಿ," ಅಂದಿದ್ದಳು.

ಅವನ ಕಣ್ಣು ಒಂದು ಕ್ಷಣ ಅವಳ ಮುಖದಲ್ಲಿ ನಿಂತು, ಮೆಲ್ಲಗೆ ಇಳಿದು, ಅವಳ ಕಾಫಿ ಲೋಟದ ಬಳಿ ಸುಮ್ಮನಾಗಿತ್ತು. ರಸೆಲ್ ಮಾರುಕಟ್ಟೆಯಿಂದ ಸೀತಾಫಲ ತಂದು, "ಎಲ್ರಿಗೂ ರೀ" ಎನ್ನುತ್ತ ಅವಳ ಮೇಜಿನ ಮೇಲೇ ಇಡುತ್ತಿದ್ದವನು ಅವನು. ಸಂಜೆಯೊಳಗೆ ಅವಳ ಫೋನಿನಲ್ಲಿ ಅವನ ನಂಬರ್ ಬ್ಲಾಕ್ ಆಗಿತ್ತು.

ಇಂದು ಕೈಲೆಕ್ಕ ಮುಗಿಸಿ ಅವನ ಮುಖಕ್ಕೆ ಹಿಡಿಯಬೇಕೆಂದೇ ಕೂತಿದ್ದಳು. ಶಿಯರ್ ಫೋರ್ಸ್ ಸರಿಯಾಗಿ ಬಂತು. ತುಟಿಯಂಚಿನಲ್ಲಿ ನಗು ಸುಳಿಯಿತು. ಬೆಂಡಿಂಗ್ ಮೊಮೆಂಟಿಗೆ ಬಂದಾಗ ಅಂಕಿಯೂ ಸರಿಯಾಗಿತ್ತು. ಆದರೆ ಕೈಲೆಕ್ಕದಲ್ಲಿ ಅದರ ಎಡಕ್ಕೆ ಒಂದು ಪುಟ್ಟ ಮೈನಸ್ ಇತ್ತು, ಪ್ರೋಗ್ರಾಂನಲ್ಲಿ ಇರಲಿಲ್ಲ.

ನಗು ಅಲ್ಲೇ ಆರಿತು.

ಗೋಡೆಯಿಂದ ಗೋಡೆಗೆ ಕೂತ ಬೀಮ್ ಬಟ್ಟೆ ಹರವಿದ ಹಗ್ಗದಂತೆ ನಡುವೆ ಜಗ್ಗುತ್ತದೆ. ಎಳೆತ ಕೆಳಮೈಗೆ, ದಪ್ಪ ಕಂಬಿಯೂ ಕೆಳಗೆ. ಬಾಲ್ಕನಿ ಹಾಗಲ್ಲ. ಅದು ಗೋಡೆಯಾಚೆ ಒಂಟಿಯಾಗಿ ಚಾಚಿದ ತೋಳು, ಎಳೆತವೆಲ್ಲ ಮೇಲ್ಮೈಗೆ. ಆ ಮೈನಸ್ ಹೇಳುವುದು ಅದನ್ನೇ. ಅವಳು ಬರೆದ ಒಂದು ಸಾಲು ಚಿಹ್ನೆಯನ್ನು ಅಳಿಸಿ, ಅಂಕಿಯನ್ನಷ್ಟೇ ಎತ್ತಿಕೊಂಡು, ದಪ್ಪ ಕಂಬಿಯನ್ನೆಲ್ಲ ಕೆಳಗೆ ಮಲಗಿಸಿತ್ತು.

ಆ ಬಾಲ್ಕನಿಯ ನಕ್ಷೆ ಮಾಡುವಾಗ ಅವಳಿಗೆ ಅಜ್ಜಿಯ ಕಥೆಗಳ ಉಪ್ಪರಿಗೆ ನೆನಪಾಗಿತ್ತು, ಅಲ್ಲಿ ಬಿಸಿಲಿಗೆ ಕೂದಲು ಹರವಿ ನಿಂತವಳು ನೆನಪಾಗಿದ್ದಳು. ಈಗ ಅದೇ ಹೆಣ್ಣು, ಕಾಲಡಿಯ ನೆಲದ ಸಮೇತ, ಕಣ್ಣೆದುರೇ ಕುಸಿದಳು.

ಅದಕ್ಕೆ ಕಾಂಕ್ರೀಟ್ ಹಾಕುವುದು ಇವತ್ತೇ!

ಬ್ಲಾಕ್ ತೆಗೆದು ಫೋನ್ ಮಾಡಿದಳು. ಪ್ರಭುಲಿಂಗನ ಫೋನ್ ಸ್ವಿಚ್ ಆಫ್. ಕಂಟ್ರಾಕ್ಟರ್ ಕೆಂಪರಾಜ್ ಎತ್ತಿದ. "ಕಾಂಕ್ರೀಟ್ ಗಾಡಿ ಟಿನ್ ಫ್ಯಾಕ್ಟರಿ ಸ್ಟಾಪ್ ದಾಟ್ತು ಮೇಡಂ, ಆಮೇಲ್ ಮಾಡಿ," ಎಂದು ಅವಳು ಬಾಯಿ ತೆರೆಯುವ ಮೊದಲೇ ಫೋನ್ ಇಟ್ಟುಬಿಟ್ಟ.

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಆಟೋ ಹತ್ತಿದಳು. ಕೋಲ್ಸ್ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಅಲುಗಲೇ ಇಲ್ಲ. "ಅಣ್ಣಾ, ಪ್ಲೀಸ್..." ಅಂದಳು. "ಹಾರ್ಕೊಂಡ್ ಹೋಗೋಕಾಗತ್ತಾ ಅಮ್ಮಾ?" ಅಂದ ಆಟೋದವನು.

ಹಲಸೂರು ತಲುಪಿದಾಗ ಕಾಂಕ್ರೀಟ್ ಗಾಡಿ ಮನೆಯ ಮುಂದೆಯೇ ನಿಂತಿತ್ತು. ಅದರ ಹೊಟ್ಟೆ ಗರಗರ ತಿರುಗುತ್ತಿತ್ತು. ಮೊದಲ ಮಹಡಿಯಲ್ಲಿ ಕೆಂಪರಾಜ್ ಕೂಗಾಡುತ್ತಿದ್ದ. "ಅಷ್ಟುದ್ದದ ವೈಬ್ರೇಟರ್ ಹೆಂಗ್ ಮಾಯ ಆಗತ್ತೆ ಗುರು? ಅದಕ್ಕೇನ್ ಕಾಲೈತಾ? ಕುಲುಕಿ ಕೂರಿಸ್ದೆ ಕಾಂಕ್ರೀಟ್ ಹೆಂಗ್ ಹಾಕ್ಲಿ? ಹೋಗ್ಲಿ, ಕೋಲಲ್ಲೇ ಕುಟ್ಕೊಂಡ್ ಹಾಕ್ರೋ!"

ಅವನೆದುರು ಗೋಡೆಯಂತೆ ನಿಂತಿದ್ದ ಪ್ರಭುಲಿಂಗ. "ಇನ್ನೊಂದ್ ಹತ್ ನಿಮಿಷ ತಡೀರಿ."

"ಹಾಕ್ಬೇಡಿ!" ವಿಮಲಾಕ್ಷಿ ಏದುಸಿರಿನಲ್ಲೇ ಮೆಟ್ಟಿಲು ಹತ್ತಿ ಓಡಿ ಬಾಲ್ಕನಿಯ ಕಂಬಿಗಳ ಮುಂದೆ ನಿಂತಳು. "ಕಂಬಿ ತಪ್ಪಾಗಿದೆ. ದಪ್ಪದ್ದು ಮೇಲೆ ಬರಬೇಕು. ತಪ್ಪು ನನ್ನದು, ನನ್ನ ಪ್ರೋಗ್ರಾಂದು."

ಎಲ್ಲ ತಲೆಗಳೂ ತಿರುಗಿದವು. ಕೆಂಪರಾಜ್ ತಲೆ ಚಚ್ಚಿಕೊಂಡ. "ಈಗ ಹೇಳ್ತಾ ಇದೀರಾ ಮೇಡಂ? ಗಾಡಿಲಿರೋದನ್ನ ಏನ್ ನಮ್ಮನೆಗೆ ತಗೊಂಡೋಗ್ಲಾ?"

"ಹಿಂದಿನ ಕಾಂಪೌಂಡಿನ ಪಾಯಕ್ಕ ಹಾಕ್ಸ್ರಿ, ಅಗದು ತಯಾರ್ ಅದ," ಎಂದ ಪ್ರಭುಲಿಂಗ. ಆಮೇಲೆ ಮೂಲೆಗೆ ಹೋಗಿ, ಖಾಲಿ ಸಿಮೆಂಟ್ ಚೀಲಗಳನ್ನು ಸರಿಸಿ, ವೈಬ್ರೇಟರನ್ನು ಎಳೆದು ತಂದು ಕೆಂಪರಾಜನ ಕೈಗಿಟ್ಟ.

ಕೆಂಪರಾಜ್ ಇಬ್ಬರ ಮುಖವನ್ನೂ ನೋಡಿದ. "ಓಹೋ! ಹಿಂಗೋ ಸಮಾಚಾರ!" ಎಂದು ಗೊಣಗುತ್ತ ಇಳಿದು ಹೋದ.

"ನಿಮಗೆ ಗೊತ್ತಿತ್ತು," ಅಂದಳು ವಿಮಲಾಕ್ಷಿ.

"ಮುಂಜಾನಿ ಕಂಬಿ ಕಟ್ಟಿದ್ದು ನೋಡ್ದಾಗ ಖಾತ್ರಿ ಆಯ್ತರಿ. ನಿಮ್ಗೇ ಫೋನ್ ಹಚ್ಚಿ ಹಚ್ಚಿ ಬ್ಯಾಟರಿ ಸತ್ತದ."

"ಕೆಂಪರಾಜ್‌ಗೆ ಹೇಳ್ಬಹುದಿತ್ತಲ್ಲ?"

"ಎಲ್ಲರ ಮುಂದ ನಿಮ್ಮ ಪ್ರೋಗ್ರಾಂ ತಪ್ಪು ಅನ್ನಾಕ ಬಾಯಿ ಬರಲಿಲ್ಲ. ನಿನ್ನೆ ಒಮ್ಮೆ ಅಂದು ಸಾಕಾಗ್ಯದ."

"ನಾನು ಬರದೇ ಇದ್ದಿದ್ರೆ?"

"ಗಾಡಿ ಮುಂದ ಮಲಗ್ತಿದ್ದೆ."

ನಗು ಬರಬೇಕಿತ್ತು, ಕಣ್ಣೀರು ಬಂತು. "ನನ್ನ ಮರ್ಯಾದೆ ಹೋಗ್ಲಿ ರೀ! ನಾಳೆ ಇಲ್ಲಿ ಜನ ನಿಲ್ತಾರೆ. ಮೊದಲು ಕೂಗಿ ಹೇಳ್ಬೇಕಿತ್ತು."

"ಹೌದ್ರಿ. ತಪ್ಪಾಯ್ತು." ಅವನು ಮೊದಲ ಬಾರಿ ಕಣ್ಣು ಇಳಿಸದೆ ನೋಡಿದ. "ಎರಡೂ ಉಳೀಲಿ ಅಂತ ಆಸೆ ಪಟ್ಟೆ."

ಕಂಬಿ ಬಿಚ್ಚಿ ಮತ್ತೆ ಕಟ್ಟುವ ಕೆಲಸ ಸಂಜೆಯವರೆಗೂ ನಡೆಯಿತು. ವಿಮಲಾಕ್ಷಿ ಇಟ್ಟಿಗೆಯ ಮೇಲೆ ಕೂತು ಆ ಸಾಲನ್ನು ತಿದ್ದಿದಳು. ಮೈನಸ್ ತನ್ನ ಜಾಗಕ್ಕೆ ಮರಳಿತು. ಆಮೇಲೂ ಅವಳ ಬೆರಳು ನಿಲ್ಲಲಿಲ್ಲ.

"ಇನ್ನೇನ್ ಬರೀಲಿಕತ್ತೀರಿ?" ಪಕ್ಕದಲ್ಲಿ ಬಂದು ಕೂತ ಪ್ರಭುಲಿಂಗ.

"ಎರಡೂ ಜಾಗದಲ್ಲಿ ಒಂದೇ ಹೆಸರಿದ್ರೆ ಇನ್ಮೇಲೆ ಇದು ಓಡಲ್ಲ." ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. ಪರೀಕ್ಷಿಸಿದವರ ಖಾಲಿ ಜಾಗದಲ್ಲಿ ಕರ್ಸರ್ ಮಿಣುಕುತ್ತಿತ್ತು.

"ಪ್ರತಿ ಲೆಕ್ಕಕ್ಕೂ ನಾನೇ ಬೇಕಂದ್ರ, ಜೀವಮಾನದ ಕೆಲಸ ಆಗ್ತದರಿ."

"ಆಗ್ಲಿ ಅಂತಾನೇ." ಕಿವಿಯವರೆಗೂ ಬಿಸಿಯೇರಿತು. "ಜಗಳ ಆಡ್ತೀನಿ, ಈಗ್ಲೇ ಹೇಳಿರ್ತೀನಿ. ಆದ್ರೂ ತಪ್ಪು ಕಂಡ್ರೆ ಹೇಳ್ಬೇಕು."

"ಬ್ಲಾಕ್?"

"ಆಗ್ಲೇ ತೆಗ್ದೆ. ನೀವು ಮೊದಲು ಫೋನ್ ಚಾರ್ಜ್ ಮಾಡ್ಕೊಳ್ಳಿ."

ಅವನು ನಕ್ಕ. ಸಿಮೆಂಟ್ ಮೆತ್ತಿದ ಒಂದೇ ಬೆರಳಿನಿಂದ, ಅಕ್ಷರ ಅಕ್ಷರ ಹುಡುಕುತ್ತ, ತನ್ನ ಹೆಸರನ್ನು ಅವಳ ಹೆಸರಿನ ಪಕ್ಕ ಒತ್ತಿದ.

ಆ ಕೀಲಿಗಳ ಮೇಲೆ ಉಳಿದ ಬೂದು ಗುರುತನ್ನು ಅವಳು ಒರೆಸಲಿಲ್ಲ.