ಕಲ್ಲಿನ ಮೇಲೆ ನಿಂತ ಜೀಪು

ಮೆತ್ತನೆಯ ಬ್ರೇಕ್ ಪ್ಯಾಡಿಗಿಂತ ಗುಡ್ಡ ಇಳಿಯುವ ಜೀಪಿಗೆ ಹಾಕುವ ಲೋಹದ ಪ್ಯಾಡಿಗೆ ಎರಡರಷ್ಟು ಬೆಲೆ. ಜೀಪಿನ ಬ್ರೇಕ್ ಹಿಡಿಯದೆ ಅಣ್ಣ ಇಳಿಜಾರಿನಲ್ಲಿ ಸತ್ತಿದ್ದ. ಇನ್ನು ಅತ್ತಿಗೆ ಅದೇ ಜೀಪನ್ನು ಬಾಡಿಗೆಗೆ ಓಡಿಸಿ ಬದುಕಬೇಕಿತ್ತು. ಹಾಗಾಗಿ ನನ್ನ ಶೆಡ್ಡಿನಲ್ಲಿ ದುಬಾರಿಯದನ್ನೇ ಹಾಕಿದೆ. ಹೊಸ ಟೈರು ಬಂದಿರಲಿಲ್ಲವಾದ್ದರಿಂದ ಚಕ್ರ ಕಳಚಿ, ಜೀಪನ್ನು ಕಲ್ಲಿನ ಮೇಲೆ ನಿಲ್ಲಿಸಿ ರಾತ್ರಿ ಶೆಡ್ಡಿಗೆ ಬೀಗ ಹಾಕಿದೆ.

ಬೆಳಿಗ್ಗೆ ಬ್ರೇಕ್ ಡಿಸ್ಕ್ ಮುಟ್ಟಿದರೆ ಕೈ ಚುರುಕ್ಕೆಂದಿತು. ಹೊಸ ಪ್ಯಾಡು ಹಿಂಬದಿಯ ತಗಡಿನವರೆಗೂ ಸವೆದಿತ್ತು.

“ಹಳೇದನ್ನೇ ಹಾಕಿ ನನ್ನ ಕಣ್ಣಿಗೆ ಮಣ್ಣೆರಚ್ತಿದೀಯೇನಪ್ಪಾ?” ಎಂದರು ಅತ್ತಿಗೆ.

“ನೀವೇ ಮುಟ್ಟಿ ನೋಡಿ ಅತ್ತಿಗೆ.”

ಮುಟ್ಟಿದರು. ಕೈ ತೆಗೆಯಲಿಲ್ಲ. “ನಿಮ್ಮಣ್ಣ ಇನ್ನೂ ಇಳೀತಾನೇ ಇದಾರೆ,” ಎಂದರು.

ನನಗೆ ಅಳುವೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಇನ್ನೊಂದು ಜೊತೆ ಹಾಕಿದೆ. ಅದೂ ಬೆಳಗಾಗುವುದರೊಳಗೆ ಸವೆಯಿತು. ಕೊನೆಗೆ ಜೀಪು ಗುಜರಿಗೆ ಹೋಯಿತು. ಅತ್ತಿಗೆ ಈಗ ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ.