ಕುಂಟ ಬೆಕ್ಕಿನ ಮೇಲಿನ ಕೊಲೆ ಆರೋಪ

ನಾವು ಹೋದಾಗ ಆರೋಪಿ ಗೋಣಿಚೀಲದೊಳಗಿತ್ತು. ಚೀಲದ ಬಾಯಿಗೆ ಹುರಿ ಬಿಗಿದಿತ್ತು. ಕೊಬ್ಬರಿ ಮಂಡಿಯ ಕರಿಬಸವಯ್ಯನವರು ಅದನ್ನು ಜಗಲಿಯ ಕಂಬಕ್ಕೆ ಒರಗಿಸಿ, ಪಕ್ಕದಲ್ಲೇ ಕುಳಿತು, ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದರು.

"ಸಾಯಂಕಾಲ ಗಂಡಸಿ ಊರಿಗೆ ಹೋಗೋ ಬಸ್ಸಿಗೆ ಹಾಕಿ ಕಳಿಸ್ತೀನಿ. ಯಾವುದಾದ್ರೂ ಹೊಲದಾಗೆ ಬಿಟ್ಟು ಬರ್ಲಿ. ಕೊಲೆಗಡುಕಿ!" ಎಂದರು.

"ಅದು ಹೋದ್ರೆ ನಾನೂ ಅದೇ ಬಸ್ ಹತ್ತೋದು," ಎಂದರು ನಡುಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸುಮಿತ್ರಮ್ಮ. "ಸೋಮವಾರ ಸ್ವಾಮಿಗಳ ಪಾದಪೂಜೆಗೆ ಕಳೆದುಹೋದ ನಿಮ್ಮ ಪರ್ಷಿಯಾ ಬೆಕ್ಕಿನ ಸರ್ಟಿಫಿಕೇಟನ್ನೇ ಪಕ್ಕದಲ್ಲಿ ಕೂರಿಸ್ಕೊಳಿ."

ಚೀಲದೊಳಗಿನಿಂದ "ಮ್ಯಾಂವ್" ಎಂದು ಕೆಂಚಿ ತನ್ನ ಅಹವಾಲು ಹೇಳಿಕೊಂಡಿತು.

ಎರಡು ಸಾವಿರದ ಮೂರನೇ ಇಸವಿಯ ಶ್ರಾವಣ ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟಿತ್ತು. ನನ್ನ ಊಟ ಆಗಿರಲಿಲ್ಲ. ಅರಸೀಕೆರೆಯಲ್ಲಿ ಏನು ಕಳೆದರೂ ಪೊಲೀಸ್ ಠಾಣೆಗಿಂತ ಮೊದಲು ನಮ್ಮ ಹೈಸ್ಕೂಲಿನ ಗಣಿತದ ಮೇಡಂ ಲತಾಮಣಿಯವರಿಗೆ ಹೇಳಿ ಕಳಿಸುವುದು ರೂಢಿಯಾಗಿಬಿಟ್ಟಿತ್ತು. ಕರೆಸುತ್ತಿದ್ದರು, ಆದರೆ ಜಗಲಿಯವರೆಗೆ ಮಾತ್ರ. ಲತಾಮಣಿಯವರ ತಂದೆ ಬೌದ್ಧ ಧರ್ಮಕ್ಕೆ ಸೇರಿದವರು. ಅದಕ್ಕೂ ಮೊದಲು ಅವರ ಮನೆ ಯಾವ ಕೇರಿಯಲ್ಲಿತ್ತು ಎಂಬುದನ್ನು ಊರು ಮರೆತಿರಲಿಲ್ಲ. ಹೀಗಾಗಿ ಅವರು ಹೊರಗೆ ನಿಂತು ಕೇಳುವುದು, ಕನ್ನಡ ಮೇಷ್ಟ್ರಾದ ನಾನು, ಮಹಾಂತೇಶ, ಲಿಂಗ ಕಟ್ಟಿದವನೆಂಬ ಪರವಾನಗಿಯ ಮೇಲೆ ಒಳಗೆ ಹೋಗಿ ನೋಡಿ ಬರುವುದು. ನಾಚಿಕೆಯ ಕೆಲಸ. ಆದರೂ ಮಾಡುತ್ತಿದ್ದೆ.

ನಮ್ಮನ್ನು ಕರೆದು ತಂದವಳು ಮನೆಯ ಮಗಳು, ಕಾಲೇಜಿನ ಹುಡುಗಿ ಅರುಣಾ. ದಾರಿಯಲ್ಲೇ ಕತೆ ಹೇಳಿದ್ದಳು. ಕೆಂಚಿಯನ್ನು ಅವಳ ತಾಯಿ ರೈಲ್ವೆ ಗೂಡ್ಸ್ ಶೆಡ್ಡಿನ ಹತ್ತಿರದಿಂದ ಎತ್ತಿಕೊಂಡು ಬಂದಿದ್ದರು. ಸೊಟ್ಟ ಹಿಂಗಾಲು, ಹರಿದ ಕಿವಿ. ಕಳೆದ ತಿಂಗಳು ಅಪ್ಪ ಬೆಂಗಳೂರಿನ ಸಾಕಣೆಗಾರನೊಬ್ಬನಿಂದ ಉದ್ದಕೂದಲ ಬಿಳಿ ಪರ್ಷಿಯನ್ ಬೆಕ್ಕು ತಂದರು. ಅದಕ್ಕೆ ಸ್ನೋಯಿ ಎಂದು ಹೆಸರಿಟ್ಟವಳು ಅರುಣಾ. ಅದರ ವಂಶಾವಳಿಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಮಠದ ಗುರುಗಳ ಪಟದ ಪಕ್ಕದಲ್ಲೇ ಮೊಳೆ ಹೊಡೆದವರು ಅಪ್ಪ. ಇವತ್ತು ಬೆಳಗ್ಗೆ ಸ್ನೋಯಿ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಹಿಡಿ ಬಿಳಿ ಕೂದಲು.

"ವಂಶ ನೋಡಿ ಹೆಣ್ಣು ತತ್ತೀವಿ, ವಂಶ ನೋಡಿ ಎತ್ತು ತತ್ತೀವಿ. ಬೆಕ್ಕು ಮಾತ್ರ ಬೀದಿಯಿಂದ ಬಾಚ್ಕಂಡು ಬರ್ಬೇಕಾ ಮೇಷ್ಟ್ರೇ?" ಕರಿಬಸವಯ್ಯನವರು ನನ್ನನ್ನೇ ಕೇಳಿದರು. "ಹೊಟ್ಟೆಕಿಚ್ಚಿಗೆ ಕಿಟಕಿ ಹತ್ತಿ, ಕೊಂದು, ಎಳ್ಕಂಡು ಹೋಗೈತೆ."

"ಜಗಲಿ ಮೆಟ್ಟಿಲು ಹತ್ತೋಕೇ ಅದನ್ನ ನಾನು ಎತ್ಕೋಬೇಕು!" ಸುಮಿತ್ರಮ್ಮ ಹೇಳಿದರು.

"ಕೊಲ್ಲೋ ಬುದ್ಧಿ ಬಂದ್ರೆ ಕಾಲು ತಾನೇ ಬತ್ತದೆ ಕಣೇ."

ಲತಾಮಣಿಯವರು ನಿಟ್ಟುಸಿರು ಬಿಟ್ಟು, "ಮಹಾಂತೇಶ್, ಹೋಗಿ ನೋಡಿ ಬನ್ನಿ" ಎಂದರು.

ಅರುಣಾಳ ಕೋಣೆಯ ಕಿಟಕಿ ನನ್ನ ಎದೆಮಟ್ಟಕ್ಕಿತ್ತು. ಕೆಳಗೆ ಕುರ್ಚಿಯಿಲ್ಲ, ಮಂಚವಿಲ್ಲ, ನುಣ್ಣನೆಯ ಗೋಡೆ. ರಕ್ತದ ಕಲೆ ಎಲ್ಲೂ ಇರಲಿಲ್ಲ. ಕೂದಲನ್ನು ಕಾಗದದಲ್ಲಿ ಸುತ್ತಿಕೊಂಡೆ. ಹೊರಬರುವಾಗ ದೇವರ ಮನೆಯ ಮುಂದೆ ಗಂಜಲದ ವಾಸನೆ ಮೂಗಿಗೆ ಬಡಿಯಿತು.

"ಪಾದಪೂಜೆಗೆ ಈಗಲೇ ಶುದ್ಧಿ ಮಾಡಿದ್ರಾ ಅಮ್ಮ?" ಎಂದೆ.

"ನಾನೆಲ್ಲಿ ಮಾಡ್ದೆ? ಇವರೇ. ಮೊನ್ನೆ ಗುರುವಾರ ಸ್ನೋಯಿದು ಬಿಸ್ಕತ್ತು ಮುಗೀತು ಅಂತ ಹಾಸನಕ್ಕೆ ಹೋದ್ರು. ಅಂಗಡಿ ಬಾಗಿಲು ಹಾಕಿತ್ತಂತೆ, ಬರಿಗೈಲಿ ಬಂದ್ರು. ಬಂದವರೇ ತಲೆ ಮೇಲೆ ನೀರು ಹುಯ್ಕೊಂಡ್ರು, ಮನೆಗೆಲ್ಲ ಗಂಜಲ ಚಿಮುಕಿಸಿದ್ರು. ನಿನ್ನೆಯಿಂದ ಮೂರು ಸಲ ಸ್ನಾನ. ಕೇಳಿದ್ರೆ ಸೆಕೆ ಅಂತಾರೆ. ಶ್ರಾವಣದಾಗೆ ಸೆಕೆ!"

"ಬಿಸ್ಕತ್ತು ತಿನ್ನಿಸ್ತಿದ್ದವರು ಯಾರು?" ಲತಾಮಣಿಯವರು ಜಗಲಿಯಿಂದಲೇ ಕೇಳಿದರು.

"ಅಪ್ಪನೇ," ಎಂದಳು ಅರುಣಾ. "ಬೆಂಗಳೂರಿನವನು ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ತುಂಬ ಕೊಟ್ಟಿದ್ದ. ಬೆಳಗ್ಗೆ ಮಡಿಯುಟ್ಟು, ಪ್ರಸಾದದ ಥರ ಕೈಯಾರೆ ತಿನ್ನಿಸಿ, ಆಮೇಲೆ ಲಿಂಗಪೂಜೆಗೆ ಕೂರ್ತಿದ್ರು. ನಮ್ಮನ್ನ ಮುಟ್ಟೋಕೂ ಬಿಡ್ತಿರ್ಲಿಲ್ಲ."

ಕರಿಬಸವಯ್ಯನವರು ಅಡಿಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡರು. ತಕ್ಷಣ "ಥೂ" ಎಂದು ನಾಲಿಗೆಯ ಮೇಲಿಂದ ಏನನ್ನೋ ಎಳೆದು ಎಸೆದರು. ಲತಾಮಣಿಯವರು ಅದು ಬಿದ್ದ ಜಾಗವನ್ನೂ, ಅಡಕತ್ತರಿಯನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ನನ್ನನ್ನು ಮನೆಯ ಪಕ್ಕದ ಓಣಿಗೆ ಕರೆದೊಯ್ದರು. ಕೂದಲಿನ ಕಾಗದ ಅವರ ಕೈಗೆ ಕೊಟ್ಟು, ಒಳಗೆ ಕಂಡದ್ದನ್ನೆಲ್ಲ ಹೇಳಿದೆ.

ಓಣಿಯ ಆಚೆಗೆ ಮೋಟುಗೋಡೆ, ಅದರಾಚೆ ತಿಮ್ಮಯ್ಯನ ಹಿತ್ತಲು. ಗೋಡೆಯ ಮೇಲೆ ವಾಲಿದ ಒಂದು ತೆಂಗಿನಮರಕ್ಕಾಗಿ ಈ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಜಗಳ. ಗೇಟಿನ ಚಿಲಕ ಮುರಿದರೂ, ಬಾವಿಯ ನೀರು ಕದಡಿದರೂ ಕರಿಬಸವಯ್ಯನವರು ಮೊದಲು ಬೈಯುತ್ತಿದ್ದುದು ತಿಮ್ಮಯ್ಯನನ್ನೇ. ಹಣೆಯ ಮೇಲೆ ಉದ್ದದ ನಾಮ ಹಾಕಿಕೊಂಡು ತಿಮ್ಮಯ್ಯ ಅಲ್ಲೇ ನಿಂತಿದ್ದ. ಅವನ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಏನೋ ಬೇಯುತ್ತಿತ್ತು. ಅದರ ವಾಸನೆ ಗಾಳಿಯಲ್ಲಿ ಬಂತು. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೆ.

"ಇವತ್ತು ಯಾವ ವಾರ ಮಹಾಂತೇಶ್?" ಲತಾಮಣಿಯವರು ಮೆಲ್ಲಗೆ ಕೇಳಿದರು.

"ಶನಿವಾರ. ಸಾಯಂಕಾಲದ ಬಸ್ಸಿಗೆ ಹೊತ್ತಾಗ್ತಾ ಬಂತು. ನೀವು ನೋಡಿದ್ರೆ ವಾರ ಕೇಳ್ತಿದೀರಿ!"

"ಯಾವ ಮಾಸದ ಶನಿವಾರ?" ಎಂದವರು ನನ್ನ ಉತ್ತರಕ್ಕೆ ಕಾಯದೆ, "ತಿಮ್ಮಯ್ಯನವರೇ, ಸ್ವಲ್ಪ ಈ ಕಡೆ ಜಗಲಿಗೆ ಬರ್ತೀರಾ?" ಎಂದು ಕೂಗಿದರು.

ಎಲ್ಲರೂ ಜಗಲಿಯಲ್ಲಿ ಸೇರಿದರು. ಲತಾಮಣಿಯವರು ಚೀಲದ ಪಕ್ಕದಲ್ಲಿ ನಿಂತು, ತರಗತಿಯಲ್ಲಿ ಲೆಕ್ಕ ಬಿಡಿಸುವ ದನಿಯಲ್ಲೇ ಶುರು ಮಾಡಿದರು.

"ಮೊದಲನೆಯದು, ಸ್ನೋಯಿ ಸತ್ತಿಲ್ಲ. ಬೆಕ್ಕು ಬೆಕ್ಕು ಕಚ್ಚಾಡಿದರೆ ಕೂದಲು ಬುಡಸಮೇತ ಕಿತ್ತು ಬರುತ್ತೆ, ಉದ್ದ ಗಿಡ್ಡ ಇರುತ್ತೆ. ಇದನ್ನು ನೋಡಿ." ಕಾಗದ ಬಿಚ್ಚಿದರು. "ಒಂದು ಕೊನೆ ಗೆರೆ ಎಳೆದ ಹಾಗೆ ಸಮ. ಕತ್ತರಿಸಿದ್ದು. ಕೆಂಚಿಗೆ ಎದೆಮಟ್ಟದ ಕಿಟಕಿ ಹತ್ತೋಕಾಗಲ್ಲ. ಹತ್ತಿದರೂ ಅದರ ಹತ್ತಿರ ಕತ್ತರಿ ಇಲ್ಲ."

"ಹಂಗಾದ್ರೆ ಯಾರ ಹತ್ರ ಐತೆ?" ಎಂದು ತಿಮ್ಮಯ್ಯ ನೆಲ ನೋಡುತ್ತಾ ಕೇಳಿದ.

"ಅಡಕತ್ತರಿಯ ಸಂದಿನಲ್ಲಿ ಇನ್ನೂ ಎರಡು ಬಿಳಿ ಕೂದಲಿವೆ. ಮೂರನೆಯದು ಈಗ ತಾನೇ ಯಜಮಾನರ ಬಾಯಿಗೆ ಹೋಗಿ ಬಂತು."

ಅರುಣಾ "ಅಪ್ಪಾ!" ಎಂದಳು. ಕರಿಬಸವಯ್ಯನವರು ಅಡಕತ್ತರಿಯನ್ನು ಪಂಚೆಯ ಮಡಿಕೆಯೊಳಗೆ ಸರಿಸಿಕೊಂಡರು. ಅಡಗಿಸಿದಷ್ಟೂ ಅದು ಎದ್ದು ಕಾಣಿಸಿತು.

"ಈಗ ಎಲ್ಲಿದೆ ಅನ್ನೋದು. ಗೇಟಿನ ಚಿಲಕಕ್ಕೂ ತಿಮ್ಮಯ್ಯನವರನ್ನು ಬೈಯುವ ಯಜಮಾನರು, ಕಿಟಕಿ ತಿಮ್ಮಯ್ಯನವರ ಗೋಡೆಗೇ ಎದುರಾಗಿದ್ದರೂ ಇವತ್ತು ಅವರ ಹೆಸರೇ ಎತ್ತಲಿಲ್ಲ. ತಿಮ್ಮಯ್ಯನವರೋ, ತಿರುಪತಿ ತಿಮ್ಮಪ್ಪನ ಒಕ್ಕಲು. ಶ್ರಾವಣ ಶನಿವಾರ ಅವರ ಮನೆಯಲ್ಲಿ ಮೊಟ್ಟೆ ಸಹ ಒಡೆಯೋದಿಲ್ಲ. ಅಂಥವರ ಹಿತ್ತಲಲ್ಲಿ, ಅಡುಗೆಮನೆಗೆ ತಾಗದ ಹಾಗೆ ಹೊರಗೆ ಒಲೆ ಹೂಡಿ, ಮೀನು ಬೇಯ್ತಾ ಇದೆ. ಮನೆಯವರು ತಿನ್ನೋದಿಲ್ಲ ಅಂದ ಮೇಲೆ ಯಾರಿಗೆ?"

ತಿಮ್ಮಯ್ಯ ಕೈ ಮುಗಿದ. "ನಾನು ಬಾಯಿ ಬಿಡಲ್ಲ ಅಂತ ಆಣೆ ಇಟ್ಟಿದ್ದೆ ಕಣ್ರಮ್ಮಾ. ನೀವೇ ಹೇಳಿದ್ರಿ, ನಾನಲ್ಲ. ಯಜಮಾನ್ರೇ ರಾತ್ರಿ ಗ್ವಾಡೆ ಮ್ಯಾಲಿಂದ ಕೊಟ್ರು. ಮೊಸರನ್ನ ಮೂಸಿ ನೋಡ್ಲಿಲ್ಲ ಆ ಮಾರಾಯ್ತಿ! ನನ್ ಹೆಂಡ್ರು ಶನಿವಾರ ಕೆಡಿಸಿದ್ರಿ ಅಂತ ಬೆಳಗ್ಗಿಂದ ನನಗೂ ಅನ್ನ ಇಕ್ಕಿಲ್ಲ."

"ಅಷ್ಟು ಆಸೆಪಟ್ಟು ತಂದದ್ದನ್ನ ಯಾಕ್ರೀ ಕೊಟ್ರಿ?" ಸುಮಿತ್ರಮ್ಮ ಗಂಡನತ್ತ ತಿರುಗಿದರು.

ಲತಾಮಣಿಯವರ ದನಿ ತುಸು ತಗ್ಗಿತು. "ಹಾಸನದ ಅಂಗಡಿ ಬಾಗಿಲು ಹಾಕಿರಲಿಲ್ಲ, ಅಲ್ವಾ ಯಜಮಾನ್ರೇ? ಬಂದವರೇ ಸ್ನಾನ, ಗಂಜಲ ಅಂದ ಮೇಲೆ ಅಲ್ಲಿ ಏನೋ ನೋಡಿದ್ರಿ. ಬೆಂಗಳೂರಿನವನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಿದ್ದ. ಅಂಗಡಿಯವನು ಕೊಟ್ಟ ಡಬ್ಬದ ಮೇಲೆ ಚಿತ್ರ ಇತ್ತು."

"ಮೀನು," ಎಂದರು ಕರಿಬಸವಯ್ಯನವರು. "ಬಿಸ್ಕತ್ತು ಅಂದ್ಕಂಡಿದ್ದೆ ಮೇಷ್ಟ್ರೇ. ಒಂದು ತಿಂಗಳು. ಇದೇ ಕೈ. ಇದೇ ಬೆರಳಲ್ಲಿ ಅದಕ್ಕೆ ತಿನ್ನಿಸಿ, ಇದೇ ಅಂಗೈ ಮೇಲೆ ಲಿಂಗ ಇಟ್ಕಂಡು..." ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. "ಮೀನು ಬೇಯಿಸೋ ಮನೆ ಅಂತ ತಿಮ್ಮಯ್ಯನ ಕೈಗೆ ಕೊಟ್ಟೆ. ಸೋಮವಾರ ಸ್ವಾಮಿಗಳು ಬತ್ತಾರೆ. ಊರಿಗೆಲ್ಲ ಆ ಬೆಕ್ಕು ತೋರಿಸಿ ಮೆರೆದಿದ್ದೆ. ಬೆಕ್ಕೆಲ್ಲಿ ಅಂದ್ರೆ ಏನ್ ಹೇಳ್ಲಿ? ಯಾರ ಮೇಲಾದ್ರೂ ಹಾಕ್ಬೇಕಿತ್ತು," ಎಂದರು.

ತನ್ನ ಅಂಗೈಯನ್ನೇ ತಾನು ನೋಡಲಾರದೆ ಕುಳಿತ ಮನುಷ್ಯನನ್ನು ನೋಡಿ ನನಗೆ ಹಸಿವು ಮರೆತುಹೋಯಿತು. ಪ್ರತಿದಿನ ಆ ಪೂಜೆ ಮಾಡುವ ನನಗೂ ಅದು ಎಲ್ಲಿ ತಾಗುತ್ತದೆಂದು ಗೊತ್ತು. "ತಿಳಿಯದೆ ಆದದ್ದು. ಸ್ವಾಮಿಗಳ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ," ಎಂದೆ. "ನೀರಿಗೆ ಹೋಗದ ಕೊಳೆ ಮಾತಿಗೆ ಹೋಗುತ್ತೆ."

ಆದರೆ ಸುಮಿತ್ರಮ್ಮನವರಿಗೆ ಅಷ್ಟು ಬೇಗ ಕರುಣೆ ಬರಲಿಲ್ಲ. "ಕೆಂಚಿ ನಿಮ್ಮ ಮಂಡೀಲಿ ಇಲಿ ಹಿಡ್ದು ತಿಂತಿದ್ದಾಗ ಜಾಣೆ. ಅದು ಗೊತ್ತಿತ್ತು. ಇದು ಮೀನಿನ ಬಿಸ್ಕತ್ತು ತಿಂದ್ರೆ ಗೊತ್ತಾಗ್ಲಿಲ್ಲ, ಯಾಕಂದ್ರೆ ಇದಕ್ಕೆ ವಂಶ ಐತೆ! ಬೆಕ್ಕು ಬೆಕ್ಕಿನಂಗೇ ತಿಂತದೆ ಕಣ್ರೀ, ಸರ್ಟಿಫಿಕೇಟ್ ನೋಡ್ಕಂಡು ತಿನ್ನಲ್ಲ. ಹಸ್ದು ಬಂದಿದ್ದಕ್ಕೆ ಯಾರಾದ್ರೂ ವಂಶ ಕೇಳ್ತಾರಾ?"

"ಆ ಮಾರಾಯ್ತಿನ ನಾವೇ ಮಡಿಕ್ಕಂತೀವಿ ಬಿಡಿ," ಎಂದ ತಿಮ್ಮಯ್ಯ. "ಆ ತೆಂಗಿನಮರದ ಇಸ್ಯ ಮಾತ್ರ ಬೇರೆ. ಅದು ನಂದೇ."

"ನಿನ್ನ ತಲೆ!" ಕರಿಬಸವಯ್ಯನವರು ಕಣ್ಣೊರೆಸಿಕೊಳ್ಳುತ್ತಲೇ ಗುಡುಗಿದರು.

ಅರುಣಾ ಹುರಿ ಬಿಚ್ಚಿದಳು. ಕೆಂಚಿ ಹೊರಬಂದು, ಮೈ ಕೊಡವಿ, ಯಾರನ್ನೂ ನೋಡದೆ ಕುಂಟುತ್ತಾ ನಡುಮನೆ ದಾಟಿ ನೇರ ಅಡುಗೆಮನೆಯೊಳಗೆ ನಡೆಯಿತು. ಎಲ್ಲರೂ ಅದನ್ನೇ ನೋಡುತ್ತಿದ್ದೆವು. ಆಮೇಲೆ ಸುಮಿತ್ರಮ್ಮನವರ ಕಣ್ಣು ಮೆಲ್ಲಗೆ ತಿರುಗಿ, ಹೊಸ್ತಿಲಾಚೆ ನಿಂತಿದ್ದ ಲತಾಮಣಿಯವರ ಚಪ್ಪಲಿಯ ಮೇಲೆ ನಿಂತಿತು. ಸುಮಿತ್ರಮ್ಮನವರ ಮುಖ ಕೆಂಪಗಾಯಿತು.

"ಮೇಡಂ, ನೀವ್ಯಾಕೆ ಅಲ್ಲೇ... ಒಳಗೆ ಬನ್ನಿ. ಕಾಫಿ ಮಾಡ್ತೀನಿ."

ಲತಾಮಣಿಯವರು ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡರು. "ಬರ್ತೀನಿ ಅಮ್ಮ. ಇವತ್ತಲ್ಲ. ಏನೂ ಕಳೆದುಹೋಗದೆ ಇದ್ದ ದಿನ ಕರೀರಿ."

ಓಣಿಯ ಕೊನೆ ಮುಟ್ಟಿದೆವು. ಹಿಂತಿರುಗಿ ನೋಡಿದರೆ, ಸುಮಿತ್ರಮ್ಮ ಇನ್ನೂ ಹೊಸ್ತಿಲ ಮೇಲೇ ನಿಂತಿದ್ದರು.