ಹಳೆಯ ಕರ್ನಲ್ ಅಳಿಸಿಹೋದಾಗ

ನಕ್ಷೆಯವರು ಪಕ್ಕದಲ್ಲಿ ಕೂತು ನಗುವಾಗ ನಾನು ಕೀಬೋರ್ಡ್ ಮುಟ್ಟಲೇಬಾರದಿತ್ತು.

ನಮ್ಮ ಆಫೀಸಿನಲ್ಲಿ ಅವರು ನದಿಗಳ ನಕ್ಷೆ ಮಾಡುತ್ತಾರೆ, ನಾನು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಅವರ ಮಷೀನಿಗೆ ಹದಿನಾರು ಜಿಬಿ ಮೆಮೊರಿ ಹಾಕಿದ್ದರೂ ಹಳೆಯ ಲಿನಕ್ಸ್ ಕರ್ನಲ್‌ಗೆ, ಅಂದರೆ ಮಷೀನನ್ನು ನಡೆಸುವ ಮೂಲ ಪ್ರೋಗ್ರಾಮಿಗೆ, ಕಾಣುತ್ತಿದ್ದದ್ದು ನಾಲ್ಕೇ. ಮನೆ ತುಂಬ ಕೋಣೆಗಳಿದ್ದೂ ಯಜಮಾನನಿಗೆ ಹಜಾರವಷ್ಟೇ ಗೊತ್ತಿದ್ದ ಹಾಗೆ. ದೊಡ್ಡ ಮೆಮೊರಿಗೆಂದೇ ಇರುವ ಕರ್ನಲ್ ಆರಿಸಿ ಹಾಕಬೇಕಿತ್ತು.

“ಇಷ್ಟಕ್ಕೆ ಯಾಕೆ ಹೆದರ್ತೀರ, ಪುಕ್ಕಲು ಮೇಡಂ?” ಅಂದರು ಅವರು.

“ಹೊಸದು ಏಳದಿದ್ರೆ? ಅದಕ್ಕೇ ಹಳೇದನ್ನ ಪಕ್ಕದಲ್ಲೇ ಇಟ್ಟಿರ್ತೀನಿ. ಇದು ಕೈಕೊಟ್ರೆ ಅದಕ್ಕೆ ವಾಪಸ್ ಹೋಗ್ಬಹುದು.”

“ಎಲ್ಲದ್ರಲ್ಲೂ ಹೀಗೇನಾ ನೀವು?” ಅಂದು ಕನ್ನಡಕದ ಮೇಲಿಂದ ನೋಡಿದರು.

ಆ ನೋಟಕ್ಕೆ ನನ್ನ ಕೈ ತಪ್ಪಿತು. ಇನ್‌ಸ್ಟಾಲ್ ಅನ್ನಬೇಕಾದಲ್ಲಿ ಅಪ್‌ಗ್ರೇಡ್ ಕೊಟ್ಟುಬಿಟ್ಟೆ. ಹೊಸದು ಬಂದು ಕೂತಿತು, ಹಳೆಯದು ಅಳಿಸಿಹೋಯಿತು.

“ಏನಾಯ್ತ್ರೀ? ಮುಖ ಬಿಳಿಚ್ಕೊಂಡಿದೆ.”

“ಹಳೇದು ಹೋಯ್ತು. ಈಗ ಇದು ಎದ್ರೆ ಎದ್ದಂಗೆ.”

“ಹುಡುಕಿ ವಾಪಸ್ ಹಾಕೋಣ್ವಾ?”

ಹಾಕಬಹುದಿತ್ತು. ಇಡೀ ವರ್ಷ ನಾನು ಮಾಡಿದ್ದೂ ಅದನ್ನೇ. ಇವರೆಂದರೆ ನನಗೆ ಪ್ರಾಣ, ಆದರೆ ಆ ಮಾತು ತುಟಿಗೆ ಬಂದಾಗಲೆಲ್ಲ ಮಷೀನಿನ ಸುದ್ದಿಗೆ ವಾಪಸಾಗುತ್ತಿದ್ದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾಳೆ ಅಮ್ಮ. ಅವರು ಒಲ್ಲೆ ಅಂದರೆ ಸಂಜೆಯ ಕಾಫಿ, ಈ ತಮಾಷೆ, ಈ ಪಕ್ಕದ ಕುರ್ಚಿ, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

“ಬೇಡ,” ಅಂದೆ. ರೀಸ್ಟಾರ್ಟ್ ಕೊಟ್ಟೆ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

“ಯಾಕೆ ಏನೂ ಬರ್ತಿಲ್ಲ?” ಅವರ ದನಿಯೂ ಇಳಿದಿತ್ತು.

ಇದು ಏಳದಿದ್ದರೆ ಅವರು ಎದ್ದು ಹೋಗುತ್ತಾರೆ, ನನಗೆ ಮತ್ತೆಂದೂ ಧೈರ್ಯ ಬರುವುದಿಲ್ಲ ಅನ್ನಿಸಿತು.

“ನೀವಂದ್ರೆ ನಂಗೆ ತುಂಬಾ ಇಷ್ಟ,” ಅಂದುಬಿಟ್ಟೆ.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

“ವಾಪಸ್ ಹೋಗೋಕಾಗಲ್ಲ ಅಂತ ಗೊತ್ತಿದ್ದೂ ಹೇಳಿದ್ರಾ?”

“ಹೂಂ.”

“ಹಾಗಾದ್ರೆ ಪುಕ್ಕಲು ನಾನೇ ಕಣ್ರೀ. ಮಷೀನ್ ಕೆಟ್ಟಿದೆ ಅಂತ ದಿನಾ ನಿಮ್ಮನ್ನ ಕರೀತಿದ್ನಲ್ಲ? ಎಷ್ಟೋ ಸಲ ಅದು ಚೆನ್ನಾಗೇ ಇತ್ತು.”

ಕೀಬೋರ್ಡಿನ ಮೇಲಿದ್ದ ನನ್ನ ಕೈಯನ್ನು ಹಿಡಿದುಕೊಂಡರು.

ಲಾಗಿನ್ ಪರದೆ ಯಾವಾಗ ಬಂತೋ, ಇಬ್ಬರೂ ನೋಡಲಿಲ್ಲ.